ಬಿಚ್ಚಿ ನೋಡಿ ಅಂತ ನೇತುಹಾಕಿದ ಬೀಗ

ಬೀಗ ಅಂದಮೇಲೆ ಅದರ ಹಿಂದೆ ಒಂದು ಬಾಗಿಲು, ಬಾಗಿಲ ಹಿಂದೆ ಏನಾದರೂ ಒಂದು ಆಸ್ತಿ ಇರಬೇಕು ತಾನೆ? ಆದರೆ ಏನನ್ನೂ ಕಾಯದ ಬೀಗಗಳೂ ಇವೆ. ಒಂದು ದಪ್ಪ ಮರದ ಹಲಗೆ, ಅದರ ಮೇಲೆ ಸಾಲಾಗಿ ಐದಾರು ಬೀಗ, ಅಷ್ಟೇ. ಬೀಗದಕೈ ಇಲ್ಲದೆ ಬೀಗ ತೆಗೆಯೋದನ್ನೇ ಹವ್ಯಾಸ ಮಾಡಿಕೊಂಡವರು ಕೈ ಪಳಗಿಸಿಕೊಳ್ಳಲು ಇಂಥ ಹಲಗೆಗಳನ್ನು ತಾವೇ ಮಾಡಿಕೊಳ್ಳುತ್ತಾರೆ. ಜರ್ಮನಿ, ಹಾಲೆಂಡ್, ಅಮೆರಿಕಗಳಲ್ಲಿ ಇದಕ್ಕೆ ಸಂಘಗಳೇ ಇವೆ, ನಮ್ಮಲ್ಲಿ ಚೆಸ್ ಕ್ಲಬ್ ಇದ್ದ ಹಾಗೆ!

ಕೇಳಿದ ಕೂಡಲೇ "ಇದೇನು ಕಳ್ಳರ ಪಾಠಶಾಲೆಯೋ?" ಅನ್ನಿಸುವುದು ಸಹಜ. ಸ್ಟ್ರಾಂಗ್ ರೂಮಿಗೆ ಎರಡು ಬೀಗದಕೈ, ಅವು ಇಬ್ಬರು ಅಧಿಕಾರಿಗಳ ಹತ್ತಿರ, ಒಬ್ಬರದ್ದು ಇನ್ನೊಬ್ಬರ ಕೈಗೆ ಹೋಗಕೂಡದು ಎಂಬ ಶಿಸ್ತಿನಲ್ಲೇ ನೌಕರಿ ಸವೆಸಿದ ನನ್ನಂಥ ಬ್ಯಾಂಕಿನವನಿಗಂತೂ ಇನ್ನೂ ಹೆಚ್ಚು. ಆದರೆ ಬೀಗವನ್ನು ಹೀಗೆ ಎಲ್ಲರೆದುರು ತೂಗುಹಾಕಿ "ಬಿಚ್ಚಿ ನೋಡೋಣ" ಅಂದವನು ಕಳ್ಳನಲ್ಲ, ಬೀಗ ಮಾಡುವವನೇ. ಅದೂ ಇನ್ನೂರು ವರ್ಷಗಳ ಹಿಂದೆ, ಲಂಡನ್ನಿನಲ್ಲಿ.

(ಒಂದು ಮಾತು: ಧಾರವಾಡದ ಕಡೆಯವರಿಗೆ ಕೀಲಿ ಅಂದರೆ ಬೀಗ, ಮೈಸೂರಿನ ಕಡೆಯವರಿಗೆ ಕೀಲಿ ಅಂದರೆ ಬೀಗದಕೈ. ಮುಂಬೈಗೆ ಬಂದು ಇಬ್ಬರೂ ಚಾವಿ ಅನ್ನುತ್ತೇವೆ! ಜಗಳ ಬೇಡ, ಇಲ್ಲಿ ಬೀಗ, ಬೀಗದಕೈ ಅಂತಲೇ ಬರೆಯುತ್ತೇನೆ.)

ಅವನ ಹೆಸರು ಜೋಸೆಫ್ ಬ್ರಾಮಾ. ಹೈಸ್ಕೂಲಿನ ವಿಜ್ಞಾನದಲ್ಲಿ ಪಾಸ್ಕಲ್‌ನ ನಿಯಮದ ಬೆನ್ನಿಗೇ ಬರುವ ಬ್ರಾಮಾ ಪ್ರೆಸ್ ನೆನಪಿದೆಯಾ? ಅದೇ ಬ್ರಾಮಾ. 1784ರಲ್ಲಿ ಹೊಸ ಮಾದರಿಯ ಬೀಗಕ್ಕೆ ಪೇಟೆಂಟ್ ಪಡೆದ. ಪಿಕಡಿಲ್ಲಿ ಬೀದಿಯ 124ನೇ ನಂಬರಿನ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ಇಟ್ಟ. ಜೊತೆಗೆ ಒಂದು ಬರಹ: ಇದನ್ನು ತೆಗೆಯುವ ಸಲಕರಣೆ ಮಾಡಿ ತಂದವರಿಗೆ 200 ಗಿನಿ ಬಹುಮಾನ, ತಂದ ಕ್ಷಣವೇ. ಗಿನಿ ಅಂದರೆ 21 ಷಿಲ್ಲಿಂಗು, ಅಂದರೆ ಒಟ್ಟು 210 ಪೌಂಡು. ಆಗಿನ ಕಾಲಕ್ಕೆ ದೊಡ್ಡ ಗಂಟು.

ಆ ಬೀಗದೊಳಗೆ 18 ತೆಳು ಪಟ್ಟಿಗಳಿದ್ದವು. ಬೀಗದಕೈ ಪ್ರತಿಯೊಂದನ್ನೂ ಅದರದರ ಅಳತೆಯಷ್ಟೇ ಒಳಕ್ಕೆ ತಳ್ಳಬೇಕು, ಒಂದು ಕೂದಲೆಳೆ ಹೆಚ್ಚಾದರೂ ತಿರುಗದು. ಇರಬಹುದಾದ ಜೋಡಣೆಗಳು ಸುಮಾರು 47 ಕೋಟಿ ಅಂತ ಲೆಕ್ಕ ಹೇಳುತ್ತಾರೆ. ಅಷ್ಟು ಕರಾರುವಾಕ್ಕಾದ ಭಾಗಗಳನ್ನು ಕೈಯಲ್ಲಿ ಅರೆದು ಮಾಡಲು ಸಾಧ್ಯವೇ? ಅದಕ್ಕಾಗಿ ಬ್ರಾಮಾ ಹೆನ್ರಿ ಮಾಡ್ಸ್ಲೇ ಎಂಬ ಎಳೆಯ ಹುಡುಗನನ್ನು ಕೆಲಸಕ್ಕೆ ಸೇರಿಸಿಕೊಂಡ. ಅವನು ಬೀಗದ ಭಾಗಗಳಿಗಾಗಿ ಯಂತ್ರಗಳನ್ನೇ ಕಟ್ಟಿದ. ಮುಂದೆ ಸ್ಕ್ರೂ ಕೊರೆಯುವ ಲೇತ್‌ಗೆ ಹೆಸರಾದ ಮಾಡ್ಸ್ಲೇ ಇವನೇ.

ಬ್ರಾಮಾ 1814ರಲ್ಲಿ ತೀರಿಕೊಂಡ. ಬೀಗ ಮಾತ್ರ ಅಲ್ಲೇ ಕೂತಿತ್ತು, ಐವತ್ತು ವರ್ಷಕ್ಕೂ ಹೆಚ್ಚು ಕಾಲ, ಯಾರೂ ವಾರಸುದಾರರು ಬಾರದ ಡಿಪಾಸಿಟ್ಟಿನ ಹಾಗೆ.

ಅಷ್ಟರಲ್ಲಿ ಇನ್ನೊಬ್ಬ ಬಂದ. 1817ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳ ಬೀಗದಕೈ ಬಳಸಿ ಕಳವಾಯಿತು. ತನ್ನ ಕೈ ಬಿಟ್ಟು ಬೇರೆಯದರಿಂದ ತೆಗೆಯಲಾಗದ ಬೀಗ ಬೇಕು ಅಂತ ಸರ್ಕಾರ ಬಹುಮಾನ ಸಾರಿತು. ಜೆರೆಮಯ ಚಬ್ ಎಂಬಾತ 1818ರಲ್ಲಿ 'ಡಿಟೆಕ್ಟರ್' ಬೀಗ ಮಾಡಿದ. ಇದು ಲೀವರ್ ಬೀಗ. ಯಾರಾದರೂ ತಂತಿ ಹಾಕಿ ಲೀವರನ್ನು ಹೆಚ್ಚು ಎತ್ತಿದರೆ ಅದು ಸಿಕ್ಕಿಕೊಂಡುಬಿಡುತ್ತದೆ. ಯಜಮಾನ ಬಂದು ಬೀಗದಕೈ ಹಾಕಿದಾಗ "ಯಾರೋ ಕೈಯಾಡಿಸಿದ್ದಾರೆ" ಅಂತ ಚಾಡಿ ಹೇಳುತ್ತದೆ. ಅಲ್ಲೇ ಬಂದರಿನ ಸೆರೆಹಡಗಿನಲ್ಲಿ ಬೀಗದ ಕಸುಬು ಬಲ್ಲ ಒಬ್ಬ ಕೈದಿ ಇದ್ದ. ತೆಗೆದರೆ ಬಿಡುಗಡೆ ಅಂತ ಸರ್ಕಾರ, 100 ಪೌಂಡು ಅಂತ ಚಬ್. ಬೇಕಾದ ಸಲಕರಣೆಗಳನ್ನೂ ಕೊಟ್ಟರು. ಎರಡು ಮೂರು ತಿಂಗಳು ಒದ್ದಾಡಿ ಸೋತೆ ಅಂದ ಪಾಪ. ನಮ್ಮ ಮನೆಯ ಬೀಗಗಳ ಮೇಲೆ '7 ಲೀವರ್ಸ್' ಅಂತ ಅಚ್ಚೊತ್ತಿರುತ್ತದಲ್ಲ, ಅದೂ ಇದೇ ಲೀವರುಗಳ ಜಾತಿ. 1897ರಲ್ಲಿ ಅರ್ದೇಶಿರ್ ಗೋದ್ರೆಜ್ ಬೀಗದ ಕಾರ್ಖಾನೆ ಶುರು ಮಾಡಿದ್ದು ನಮ್ಮ ಲಾಲ್‌ಬಾಗಿನಲ್ಲೇ. ಬೆಂಗಳೂರಿನ ತೋಟವಲ್ಲ ಮಾರಾಯ್ರೆ, ಮುಂಬೈನದು!

ಇರಲಿ. 1851ರಲ್ಲಿ ಲಂಡನ್ನಿನಲ್ಲಿ ಮಹಾ ವಸ್ತುಪ್ರದರ್ಶನ ನಡೆಯಿತು. ಅಮೆರಿಕದಿಂದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಬಂದ. ನ್ಯೂಯಾರ್ಕಿನ ಡೇ ಅಂಡ್ ನ್ಯೂವೆಲ್ ಕಂಪನಿಯ ಬೀಗ ಮಾರುವವನು. ಅವನ ವ್ಯಾಪಾರದ ಗುಟ್ಟೇ ಬೇರೆ: ಬ್ಯಾಂಕಿಗೆ ಹೋಗುವುದು, ಮ್ಯಾನೇಜರ ಎದುರೇ ಅಲ್ಲಿರುವ ಬೀಗ ತೆಗೆದು ತೋರಿಸುವುದು, ಆಮೇಲೆ ತನ್ನ ಬೀಗ ಮಾರುವುದು. ಇಂಥವನು ನನ್ನ ಶಾಖೆಗೆ ಬಂದಿದ್ದರೆ ನಾನೇನು ಮಾಡುತ್ತಿದ್ದೆನೋ!

ಜುಲೈ 22ರಂದು ವೆಸ್ಟ್‌ಮಿನ್‌ಸ್ಟರಿನ ಗ್ರೇಟ್ ಜಾರ್ಜ್ ಬೀದಿಯ ಒಂದು ಕಟ್ಟಡದಲ್ಲಿ, ಸಾಕ್ಷಿಗಳ ಎದುರು, ಖಜಾನೆ ಬಾಗಿಲಿನ ಚಬ್ ಬೀಗವನ್ನು 25 ನಿಮಿಷದಲ್ಲಿ ತೆಗೆದ. ಚಾಡಿ ಲೀವರಿಗೆ ಸುಳಿವೂ ಕೊಡದೆ 7 ನಿಮಿಷದಲ್ಲಿ ಮತ್ತೆ ಹಾಕಿದ. ಇನ್ನುಳಿದದ್ದು ಪಿಕಡಿಲ್ಲಿಯ ಬೀಗ. ಮೂವರು ಪಂಚರನ್ನು ನೇಮಿಸಿ 30 ದಿನದ ಗಡುವು ಕೊಟ್ಟರು. ಬೀಗವನ್ನು ಮರದ ತುಂಡಿನೊಳಗೆ ಕೂರಿಸಿ, ಸ್ಕ್ರೂಗಳಿಗೆ ಮೊಹರು ಹಾಕಿ, ಬೀಗದಕೈ ಹಾಕುವ ಕಿಂಡಿ ಮತ್ತು ಕೊಂಡಿ ಮಾತ್ರ ಕಾಣುವಂತೆ ಬಿಟ್ಟರು. ಇಂದಿನ ಹವ್ಯಾಸಿಯ ಹಲಗೆಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ನೋಡಿ. 16 ದಿನಗಳಲ್ಲಿ ಹಂಚಿಕೊಂಡು ಒಟ್ಟು 51 ಗಂಟೆ ಕೂತು, ಹಾಬ್ಸ್ ಅದನ್ನೂ ತೆಗೆದುಬಿಟ್ಟ!

ಬ್ರಾಮಾ ಕಂಪನಿ ತಕರಾರು ಮಾಡಿತು. ಯಾವ ಕಳ್ಳನಿಗೆ ಇಷ್ಟು ದಿನ ಪುರುಸೊತ್ತು ಸಿಗುತ್ತದೆ, ಯಾವ ಮನೆಯಲ್ಲಿ ಸಲಕರಣೆ ಜಡಿದುಕೊಂಡು ಕೂರಲು ಬಿಡುತ್ತಾರೆ ಅಂತ. ನ್ಯಾಯವಾದ ಮಾತೇ. ಆದರೆ ಪಂಚರು ಹಾಬ್ಸ್ ಪರ ತೀರ್ಪು ಕೊಟ್ಟರು, 200 ಗಿನಿ ಸಂದಾಯವಾಯಿತು.

ದೊಡ್ಡ ಗಲಾಟೆ ಎದ್ದದ್ದು ಆಮೇಲೆ. ಬೀಗದ ದೌರ್ಬಲ್ಯವನ್ನು ಊರಿಗೆಲ್ಲ ಸಾರಬಹುದೇ? 1853ರಲ್ಲಿ ಚಾರ್ಲ್ಸ್ ಟಾಮ್ಲಿನ್‌ಸನ್ ಸಂಪಾದಿಸಿದ ಬೀಗದ ಪುಸ್ತಕದಲ್ಲಿ ಇದಕ್ಕೆ ನೇರ ಉತ್ತರವಿದೆ. ಕಳ್ಳರಿಗೆ ಆ ಗುಟ್ಟುಗಳು ಮೊದಲೇ ಗೊತ್ತು, ತಿಳಿಯದೆ ಉಳಿದವರು ಮರ್ಯಾದಸ್ಥರು ಮಾತ್ರ ಎಂಬುದು ಅದರ ವಾದ. ನನ್ನ ಓಟೂ ಇದಕ್ಕೇ. ಆದರೂ ಆ ಬೇಸಿಗೆಯಲ್ಲಿ ಚಬ್ ಬೀಗ ನಂಬಿ ಮಲಗಿದ್ದ ಒಬ್ಬ ಸಣ್ಣ ವ್ಯಾಪಾರಿಯ ಬಗ್ಗೆ ಯೋಚಿಸಿ. ಪೇಪರು ಓದಿದ ಅವನಿಗೆ ಮಾರನೇ ದಿನವೇ ಹೊಸ ಬೀಗ ಕೊಳ್ಳಲು ದುಡ್ಡೆಲ್ಲಿ? ಸತ್ಯ ಬಯಲಾದದ್ದರ ಲಾಭ ಊರಿಗೆ, ಖರ್ಚು ಅವನಿಗೆ. ಈ ಲೆಕ್ಕ ನನಗೆ ಇವತ್ತಿಗೂ ಸರಿಯಾಗಿ ಟ್ಯಾಲಿ ಆಗಿಲ್ಲ.

ಬೀಗಗಳು ಸುಧಾರಿಸಿದ್ದಂತೂ ನಿಜ. ಚಬ್ ಕಂಪನಿ ತನ್ನ ಬೀಗ ತಿದ್ದಿಕೊಂಡಿತು. ಹಾಬ್ಸ್ ಮೆರೆಸಿದ ನ್ಯೂವೆಲ್ ಬೀಗವನ್ನು ಕೆಲವೇ ವರ್ಷಗಳಲ್ಲಿ ಅಮೆರಿಕದ ಲೈನಸ್ ಯೇಲ್ ಕಿರಿಯ ತೆಗೆದು ತೋರಿಸಿದ! ಅದೇ ಯೇಲ್ 1861 ಮತ್ತು 1865ರಲ್ಲಿ ಪೇಟೆಂಟ್ ಪಡೆದದ್ದು ಪಿನ್ನುಗಳ ಬೀಗಕ್ಕೆ. ನಮ್ಮ ಫ್ಲ್ಯಾಟಿನ ಬಾಗಿಲಿಗಿರುವ, ಚಪ್ಪಟೆ ಹಲ್ಲಿನ ಬೀಗದಕೈಯ ಲ್ಯಾಚ್ ಇದೆಯಲ್ಲ, ಅದು.

ಹವ್ಯಾಸಿಗಳ ಹಲಗೆಯಲ್ಲೂ ಹೆಚ್ಚಾಗಿ ಅದೇ. 1991ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿಗಳ ವಲಯದಿಂದ ಒಂದು ಕೈಪಿಡಿ ಹೊರಬಂತು, 1997ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹವ್ಯಾಸಿಗಳ ಸಂಘ ಹುಟ್ಟಿತು. ಹಲಗೆ ಕಟ್ಟುವ ಕ್ರಮ ಚೆನ್ನಾಗಿದೆ. ಮೊದಲ ಬೀಗದಲ್ಲಿ ಒಂದೇ ಪಿನ್ನು ಉಳಿಸಿ ಮಿಕ್ಕವನ್ನು ತೆಗೆಯುತ್ತಾರೆ. ಎರಡನೆಯದರಲ್ಲಿ ಎರಡು, ಹೀಗೆ ಐದಾರರವರೆಗೆ, ಒಂದನೇ ಕ್ಲಾಸಿನಿಂದ ಮೇಲೇರಿದ ಹಾಗೆ. ಒಂದು ಬೀಗದ ಪಕ್ಕೆ ಕೊಯ್ದು ಒಳಗಿನ ಪಿನ್ನು ಕುಣಿಯುವುದು ಕಾಣುವಂತೆ ಇಡುವುದೂ ಉಂಟು. ಹಲಗೆ ಹಗುರವಾದರೆ ಕೈ ಜೊತೆ ಅದೂ ಅಲ್ಲಾಡುತ್ತದೆ, ಹಾಗಾಗಿ ಮೇಜಿಗೆ ಬಿಗಿಯುತ್ತಾರೆ. ಬಾಗಿಲಿನಂತೆ ನೆಟ್ಟಗೆ ನಿಲ್ಲಿಸುವವರೂ ಇದ್ದಾರೆ.

ಈ ಸಂಘಗಳ ನಿಯಮ ಎರಡೇ: ತನ್ನದಲ್ಲದ ಬೀಗ ಮುಟ್ಟಕೂಡದು, ಬಳಕೆಯಲ್ಲಿರುವ ಬೀಗವನ್ನು, ತನ್ನದೇ ಆದರೂ, ಮುಟ್ಟಕೂಡದು. ಎರಡನೆಯದಕ್ಕೆ ಕಾರಣ ಸರಳ. ತಂತಿ ಸಿಕ್ಕಿಕೊಂಡು ಬೀಗ ಕೆಟ್ಟರೆ ರಾತ್ರಿಯಿಡೀ ಮೆಟ್ಟಿಲ ಮೇಲೆ ಕೂರಬೇಕಾದೀತು! ಹಲಗೆ ಬೇಕಾಗುವುದು ಅದಕ್ಕೇ.

ಬ್ರಾಮಾನ ಆ ಬೀಗ ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂ ಸಂಗ್ರಹದಲ್ಲಿದೆ.