ಆಲೇಖದ ಸೂತ್ರದೊಳಗೆ ಅಡಗಿದ ಆಜ್ಞೆ

ಮಳೆಮಾಪಕದ ಅಂಕಿಗಳನ್ನು ಗಣಕಕ್ಕೆ ಕೊಟ್ಟು ನೀವು ಆಲೇಖ ಬಿಡಿಸಿರಬಹುದು. ಸರಾಸರಿ ಬೇಕಾದರೆ ಒಂದು ಸೂತ್ರ ಬರೆಯುತ್ತೀರಿ. ಗಣಕ ಅದನ್ನು ಓದಿ ಲೆಕ್ಕ ಮಾಡುತ್ತದೆ. ಇಂಥ ಸೂತ್ರಕ್ಕೆ ‘ಎಕ್ಸ್‌ಪ್ರೆಷನ್’ ಅಥವಾ ಉಕ್ತಿ ಎಂದು ಹೆಸರು. ಆ ಉಕ್ತಿಯಲ್ಲಿ ಯಾರಾದರೂ ಲೆಕ್ಕದ ಬದಲು ಆಜ್ಞೆಯನ್ನೇ ತುರುಕಿದರೆ?

ಈ ತೊಂದರೆ ಹಳೆಯದು. ಜಾಲತಾಣದ ನಮೂನೆಯಲ್ಲಿ ತುಂಬಿದ ಪದಗಳು ದತ್ತಸಂಚಯಕ್ಕೆ ಆಜ್ಞೆಯಾಗಿಬಿಡಬಲ್ಲವು ಎಂದು ಜೆಫ್ ಫಾರಿಸ್ಟಲ್ 1998ರಲ್ಲಿ ‘ಫ್ರ್ಯಾಕ್’ ಪತ್ರಿಕೆಯಲ್ಲಿ ವಿವರಿಸಿದರು. ಮುಂದೆ ಇದೇ ‘ಎಸ್‌ಕ್ಯೂಎಲ್ ಇಂಜೆಕ್ಷನ್’ ಎನಿಸಿತು.

ಎರಡು ದಶಕಗಳ ಬಳಿಕ ಅದೇ ಬಗೆಯ ದೋಷ ಆಲೇಖ ತಂತ್ರಾಂಶಗಳಲ್ಲೂ ಕಾಣಿಸಿತು. ಸರ್ವರ್‌ಗಳ ದಾಖಲೆಗಳನ್ನು ಆಲೇಖವಾಗಿ ತೋರಿಸುವ ‘ಕಿಬಾನಾ’ದಲ್ಲಿ ‘ಟೈಮ್‌ಲಯನ್’ ಎಂಬ ಭಾಗವಿತ್ತು. ಅಲ್ಲಿ ಗೆರೆ ಎಳೆಯಲು ಬಳಕೆದಾರನೇ ಉಕ್ತಿ ಬರೆಯಬೇಕು. ಗೆರೆಯ ಗುಣಲಕ್ಷಣ ಬದಲಿಸಲು ಅದರಲ್ಲೊಂದು ಫಂಕ್ಷನ್ ಇತ್ತು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಒಂದು ವಸ್ತು ತನ್ನಲ್ಲಿಲ್ಲದ ಗುಣವನ್ನು ‘ಪ್ರೋಟೋಟೈಪ್’ ಎಂಬ ಮೂಲವಸ್ತುವಿನಿಂದ ಪಡೆಯುತ್ತದೆ. ಈ ಫಂಕ್ಷನ್ ಮೂಲಕ ಆ ಮೂಲವಸ್ತುವನ್ನೇ ತಿದ್ದಬಹುದಿತ್ತು. ಒಂದು ಕೊಡಕ್ಕಲ್ಲ, ಬಾವಿಗೇ ಬಣ್ಣ ಬೆರೆಸಿದಂತೆ! ಆಮೇಲೆ ಕಿಬಾನಾ ಹೊಸ ಪ್ರಕ್ರಿಯೆಯೊಂದನ್ನು ಆರಂಭಿಸಿದಾಗ ಅದೂ ಈ ಕಲಬೆರಕೆಯನ್ನು ಪಡೆಯುತ್ತಿತ್ತು; ದಾಳಿಕೋರನ ಆಜ್ಞೆ ಸರ್ವರ್‌ನಲ್ಲೇ ನಡೆಯುತ್ತಿತ್ತು. 2019ರಲ್ಲಿ 5.6.15 ಮತ್ತು 6.6.1 ಆವೃತ್ತಿಗಳಲ್ಲಿ ಈ ದೋಷವನ್ನು ನಿವಾರಿಸಲಾಯಿತು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ‘ವೇಗಾ’ದ ಕಥೆ ಇನ್ನೂ ಬೋಧಪ್ರದ. ಅಲ್ಲಿ ಉಕ್ತಿಯೊಳಗೆ ಗೊತ್ತುಪಡಿಸಿದ ಫಂಕ್ಷನ್‌ಗಳಿಗೆ ಮಾತ್ರ ಅವಕಾಶ. ಆದರೂ 2020ರಲ್ಲಿ ಒಂದು ಬಿರುಕು ಕಂಡಿತು, 5.17.3ನೇ ಆವೃತ್ತಿ ಅದನ್ನು ಮುಚ್ಚಿತು. 2023ರಲ್ಲಿ ಮತ್ತೊಂದು ಕಂಡಿತು. ಅನುಮತಿ ಪಡೆದಿದ್ದ ‘ಸ್ಕೇಲ್’ ಫಂಕ್ಷನ್, ಬಳಕೆದಾರ ಕೊಟ್ಟ ವಸ್ತುವನ್ನು ತನ್ನದೇ ಒಳಗಿನ ವಸ್ತುವೆಂದು ನಂಬಿತ್ತು! ಹೀಗಾಗಿ ಆಲೇಖ ನೋಡುವವರ ಬ್ರೌಸರಿನಲ್ಲಿ ದಾಳಿಕೋರನ ಪ್ರೋಗ್ರಾಂ ಓಡಬಹುದಿತ್ತು. ಬಾಗಿಲಲ್ಲಿ ಕಾವಲಿದ್ದರೆ ಸಾಲದು, ಒಳಗೆ ಬಂದವರ ಕೈಚೀಲವನ್ನೂ ನೋಡಬೇಕು. ಉಕ್ತಿಯನ್ನು ಜಾವಾಸ್ಕ್ರಿಪ್ಟ್ ಆಗಿ ಪರಿವರ್ತಿಸದೆ, ಭಾಗಭಾಗವಾಗಿ ಬಿಡಿಸಿ ಲೆಕ್ಕ ಮಾಡುವ ಬದಲಿ ವ್ಯವಸ್ಥೆಯೂ ವೇಗಾದಲ್ಲಿ ಇದೆ.

ಶಿಕ್ಷಕರೇ, ನಿಮ್ಮ ವಿದ್ಯಾರ್ಥಿ ಪೈಥಾನ್‌ನಲ್ಲಿ ಪುಟ್ಟ ಕ್ಯಾಲ್ಕ್ಯುಲೇಟರ್ ಬರೆದು ತಂದಾಗ ಅದರಲ್ಲಿ ‘ಇವ್ಯಾಲ್’ ಎಂಬ ಪದವಿದೆಯೇ ನೋಡಿ. ಟೈಪು ಮಾಡಿದ ಪಠ್ಯವನ್ನು ಪ್ರೋಗ್ರಾಮಿನಂತೆಯೇ ನಡೆಸುವ ಫಂಕ್ಷನ್ ಅದು. ಇದ್ದರೆ, “2+3ರ ಜಾಗದಲ್ಲಿ ಕಡತ ಅಳಿಸುವ ಆಜ್ಞೆ ಬರೆದರೆ ಏನಾಗುತ್ತದೆ?” ಎಂದು ಕೇಳಿ. ದತ್ತಾಂಶ ಬೇರೆ, ಆಜ್ಞೆ ಬೇರೆ ಎಂಬ ಪಾಠ ಅಲ್ಲಿಂದಲೇ ಆರಂಭವಾಗಲಿ.