ರಾವುಳನ ಸೀನು: ಷಿಕಾಗೋದ ಕವಿ ಎ.ಕೆ. ರಾಮಾನುಜನ್ ಮತ್ತು ಮೈಸೂರು ಸೀಮೆಯ ಕಥನ

ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವ ಕಡೆ ಕೋದಂಡರಾಮನ ಗುಡಿಯಿದೆ. ವನವಾಸದಲ್ಲಿದ್ದ ರಾಮ, ಸೀತೆ, ಲಕ್ಷ್ಮಣರನ್ನು ಚುಂಚ, ಚುಂಚಿ ಎಂಬ ಕಾಡಿನ ದಂಪತಿ ಉಪಚರಿಸಿದರು; ಸೀತಮ್ಮನಿಗೆ ಮೀಯಲು ನೀರು ಬೇಕಾದಾಗ ಲಕ್ಷ್ಮಣ ಬಂಡೆಗೆ ಬಾಣ ಬಿಟ್ಟ ಎಂಬುದು ಸ್ಥಳಪುರಾಣ. ಗುಡಿಯೊಳಗೆ ಸೀತೆ ನಿಂತಿರುವುದು ರಾಮನ ಎಡಕ್ಕಲ್ಲ, ಬಲಕ್ಕೆ. ವಾಲ್ಮೀಕಿಯಲ್ಲಿ ಚುಂಚನೂ ಇಲ್ಲ, ಚುಂಚಿಯೂ ಇಲ್ಲ. ಸಂಕ್ರಾಂತಿಯ ಹೊತ್ತಿನ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಬರುವ ರೈತರಿಗೆ ಅದೊಂದು ಕೊರತೆಯೇ ಅಲ್ಲ.

ಊರಿಗೊಂದು ರಾಮಾಯಣವಿರುವುದನ್ನು ವಿದ್ವತ್‌ಲೋಕ ಗಂಭೀರವಾಗಿ ನೋಡುವಂತೆ ಮಾಡಿದವರಲ್ಲಿ ಎ.ಕೆ. ರಾಮಾನುಜನ್ ಮುಖ್ಯರು. ಹುಟ್ಟಿದ್ದು ಮೈಸೂರಿನಲ್ಲಿ, 1929ರ ಮಾರ್ಚ್ 16ರಂದು. ತೀರಿಕೊಂಡದ್ದು ಷಿಕಾಗೋದಲ್ಲಿ, 1993ರ ಜುಲೈ 13ರಂದು. ಅವರ ಬರವಣಿಗೆಯ ಬದುಕನ್ನು 1959ರಿಂದ, ಅಂದರೆ ಫುಲ್‌ಬ್ರೈಟ್ ನೆರವಿನಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದಲ್ಲಿಂದ, ಎಣಿಸುವ ರೂಢಿಯಿದೆ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಅವರ ಮೊದಲ ಪುಸ್ತಕ ಕವನ ಸಂಕಲನವಲ್ಲ; 1955ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬಂದ ‘ಗಾದೆಗಳು’. ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ತರುಣ ಅಧ್ಯಾಪಕ ಜನರ ಬಾಯಲ್ಲಿದ್ದ ಕನ್ನಡಕ್ಕೆ ಕಿವಿಗೊಟ್ಟಿದ್ದರು. ಮುಂದಿನ ಕೆಲಸಕ್ಕೆಲ್ಲ ಬೇಕಾದ ಕಿವಿ ಅಲ್ಲೇ ಪಳಗಿತು.

ಅದಕ್ಕೂ ಹಿಂದಿನದು ಮನೆ. ತಂದೆ ಆತ್ತಿಪಟ್ ಆಸೂರಿ ಕೃಷ್ಣಸ್ವಾಮಿ ಗಣಿತದ ಪ್ರಾಧ್ಯಾಪಕರು, ಖಗೋಳದ ಆಸಕ್ತರು. ಮಹಡಿಯ ಮೇಲೆ ಅಪ್ಪನ ಇಂಗ್ಲಿಷ್, ಕೆಳಗೆ ಅಮ್ಮನ ತಮಿಳು, ಬಾಗಿಲು ದಾಟಿದರೆ ಬೀದಿಯ ಕನ್ನಡ: ಬಾಲ್ಯದ ಭಾಷೆಗಳನ್ನು ರಾಮಾನುಜನ್ ನೆನೆದದ್ದು ಹೀಗೆ. ಮಕ್ಕಳಿಗೆ ತುತ್ತು ಕೊಡುತ್ತ ಮನೆಯ ಹೆಂಗಸರು ಹೇಳಿದ ಕಥೆಗಳನ್ನೂ ಅವರು ಮರೆಯಲಿಲ್ಲ. ಹೂವಿನ ಮರವಾಗುವ ಹುಡುಗಿಯ ಕನ್ನಡ ಕಥೆಯನ್ನು ಇಂಗ್ಲಿಷಿಗೆ ತಂದರು. ಅದನ್ನು ಆಧರಿಸಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ರಚಿಸಿದ ಆಪೆರಾ 2006ರಲ್ಲಿ ವಿಯೆನ್ನಾದಲ್ಲಿ ಮೊದಲು ರಂಗಕ್ಕೇರಿತು. ಕಥೆಯ ಹುಡುಗಿ ಅಕ್ಕನಿಗೆ ಹೇಳುವುದು ತನ್ನನ್ನು ಮರ ಮಾಡಲು ಒಂದು, ಮತ್ತೆ ಹುಡುಗಿ ಮಾಡಲು ಇನ್ನೊಂದು ಬಿಂದಿಗೆ ನೀರು ಹುಯ್ಯೆಂದು. ಆಪೆರಾದ ಮಂದಿಗೆ ಆ ಬಿಂದಿಗೆಯ ಆಕಾರ ಹೊಳೆದಿತ್ತೋ ಇಲ್ಲವೋ!

1960ರ ದಶಕದ ಆರಂಭದಲ್ಲಿ ಷಿಕಾಗೋ ವಿಶ್ವವಿದ್ಯಾಲಯ ಸೇರಿದ ಅವರು ಕೊನೆತನಕ ಅಲ್ಲಿಯೇ ಉಳಿದರು. ‘ದ ಸ್ಟ್ರೈಡರ್ಸ್’ (1966), ‘ರಿಲೇಷನ್ಸ್’ (1971), ‘ಸೆಕೆಂಡ್ ಸೈಟ್’ (1986) ಇಂಗ್ಲಿಷ್ ಸಂಕಲನಗಳು. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮೆಕಾರ್ಥರ್ ಫೆಲೋಷಿಪ್ ಬಂದವು. ವಿಚಿತ್ರವೆಂದರೆ ಅವರ ಕನ್ನಡ ಕವನ ಸಂಕಲನಗಳೂ ಊರು ಬಿಟ್ಟ ಮೇಲಿನವೇ. ‘ಹೊಕ್ಕುಳಲ್ಲಿ ಹೂವಿಲ್ಲ’ 1969ರದು, ‘ಮತ್ತು ಇತರ ಪದ್ಯಗಳು’ 1977ರದು, ‘ಕುಂಟೋಬಿಲ್ಲೆ’ 1990ರದು. ಆ ಕೊನೆಯ ಹೆಸರನ್ನು ನೋಡಿ. ಷಿಕಾಗೋದ ಪ್ರಾಧ್ಯಾಪಕರೊಬ್ಬರು ಅರವತ್ತರ ಹೊಸ್ತಿಲಲ್ಲಿ ತಮ್ಮ ಪುಸ್ತಕಕ್ಕೆ ಮೈಸೂರಿನ ಬೀದಿಯಲ್ಲಿ ಮಕ್ಕಳು ಗೆರೆ ಎಳೆದು ಕುಂಟುತ್ತ ಆಡುವ ಆಟದ ಹೆಸರಿಟ್ಟರು. ಅವರನ್ನು ಬರೀ ವಲಸೆಯ ಕವಿಯೆಂದು ಓದುವವರ ಕಣ್ಣು ಈ ಕಡೆ ಹಾಯುವುದು ಕಡಿಮೆ.

ಈಗ 1973ಕ್ಕೆ ಬರೋಣ. ವಚನಗಳ ಅವರ ಇಂಗ್ಲಿಷ್ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ವನ್ನು ಪೆಂಗ್ವಿನ್ ಹೊರತಂದದ್ದು ಆ ವರ್ಷ. ಅದೇ ವರ್ಷ ಮೈಸೂರಿನಲ್ಲಿ ರಾಗೌ, ಪಿ.ಕೆ. ರಾಜಶೇಖರ, ಎಸ್. ಬಸವಯ್ಯ ಸೇರಿ ಸಂಪಾದಿಸಿದ ‘ಜನಪದ ರಾಮಾಯಣ’ ಅಚ್ಚಾಯಿತು. ಒಂದು ಲೋಕವೆಲ್ಲ ಸುತ್ತಿತು, ಇನ್ನೊಂದನ್ನು ಜಾನಪದ ವಿದ್ಯಾರ್ಥಿಗಳು ಓದಿಕೊಂಡರು. ಆದರೆ ಹದಿನಾಲ್ಕು ವರ್ಷಗಳ ಮೇಲೆ, 1987ರಲ್ಲಿ, ಪಿಟ್ಸ್‌ಬರ್ಗಿನಲ್ಲಿ ‘ಮುನ್ನೂರು ರಾಮಾಯಣಗಳು’ ಉಪನ್ಯಾಸ ಕೊಟ್ಟ ರಾಮಾನುಜನ್, ವಾಲ್ಮೀಕಿ, ಕಂಬರ ಸಾಲಿನಲ್ಲಿಯೇ ‘ಜನಪದ ರಾಮಾಯಣ’ದ ಹಾಡುಗಾರ ತಂಬೂರಿ ದಾಸಯ್ಯನನ್ನೂ ಕೂರಿಸಿದರು.

ದಾಸಯ್ಯನ ಹಾಡಿನಲ್ಲಿ ರಾವುಳನಿಗೆ, ಅಂದರೆ ರಾವಣನಿಗೆ, ಮಕ್ಕಳಿಲ್ಲ. ಜೋಗಿಯ ವೇಷದ ಶಿವ ಮಾವಿನಹಣ್ಣು ಕೊಡುತ್ತಾನೆ. ಆಸೆಬುರುಕ ರಾವುಳ ತಿರುಳನ್ನು ತಾನೇ ತಿಂದು ವಾಟೆಯನ್ನು ಹೆಂಡತಿಗೆ ಕೊಡುತ್ತಾನೆ. ಬಸಿರಾಗುವವನೂ ಅವನೇ. ದಿನವೊಂದಕ್ಕೆ ತಿಂಗಳೊಂದರ ಲೆಕ್ಕದಲ್ಲಿ ಒಂಬತ್ತು ದಿನ ಕಳೆದು, ನಾಚಿಕೆಯಿಂದ ಸಾಯುತ್ತಿದ್ದವನು ಸೀನಿಬಿಡುತ್ತಾನೆ. ಮೂಗಿನಿಂದ ಸೀತೆ ಹುಟ್ಟುತ್ತಾಳೆ. ‘ಸೀತ’ ಎಂದರೆ ಸೀನಿದ ಎಂಬ ಅರ್ಥವೂ ಆಗುತ್ತದೆಂದು ರಾಮಾನುಜನ್ ತಮ್ಮ ಇಂಗ್ಲಿಷ್ ಓದುಗರಿಗೆ ಬಿಡಿಸಿ ಹೇಳಬೇಕಾಯಿತು. ಹೆಗ್ಗಡದೇವನಕೋಟೆಯ ಜಗಲಿಯಲ್ಲಿ ಕೂತು ಕೇಳುವವರು ಅಷ್ಟರೊಳಗೆ ನಕ್ಕು ಮುಗಿಸಿರುತ್ತಾರೆ. ಆದರೆ ಆ ನಗೆಯ ಹಿಂದಿನ ಸಂಕಟವನ್ನೂ ರಾಮಾನುಜನ್ ಕಂಡರು: ಗಂಡಸು ಬಸಿರಿನ ಭಾರ ಹೊರುತ್ತಾನೆ, ಹೆತ್ತ ಮಗಳಿಗೇ ಮುಂದೆ ಆಸೆಪಡುತ್ತಾನೆ. ಲಿಂಗ್ವಿಸ್ಟಿಕ್ಸ್ ಕಲಿತ ತಲೆ ಶ್ಲೇಷೆಯನ್ನು ಹಿಡಿಯಿತು. ಅದರ ಕೆಳಗಿನ ಭಯವನ್ನು ಹಿಡಿದದ್ದು ಕವಿಯ ಮನಸ್ಸು.

1991ರಲ್ಲಿ ಪ್ರಬಂಧವಾಗಿ ಅಚ್ಚಾದ ‘ಮುನ್ನೂರು ರಾಮಾಯಣಗಳು’ ಉಪನ್ಯಾಸವನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಪಠ್ಯದಿಂದ ತೆಗೆದುಹಾಕಿತು. ಬರೆದವರು ಆಗ ಇರಲಿಲ್ಲ. ಅವರ ಸಮಗ್ರ ಇಂಗ್ಲಿಷ್ ಕವನಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದದ್ದೂ ಅವರು ಹೋದ ಮೇಲೆಯೇ, 1999ರಲ್ಲಿ. ಚುಂಚನಕಟ್ಟೆಯ ಸೀತೆಯನ್ನು ಯಾವ ಪಠ್ಯಸಮಿತಿಯೂ ಎಡಕ್ಕೆ ಸರಿಸಿಲ್ಲ. ಇವತ್ತಿಗೂ ಅವಳು ರಾಮನ ಬಲಕ್ಕೇ ನಿಂತಿದ್ದಾಳೆ.