ಆಮೆಗೆ ಪಾಠ ಹೇಳಿದ ಮಕ್ಕಳು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೆಕ್ಸಿಂಗ್ಟನ್ ಪಟ್ಟಣದಲ್ಲಿ ಮಝಿ ಜೂನಿಯರ್ ಹೈಸ್ಕೂಲ್ ಎಂಬ ಶಾಲೆಯಿತ್ತು. 1960ರ ದಶಕದ ಕೊನೆಯಲ್ಲಿ ಸೀಮೋರ್ ಪ್ಯಾಪರ್ಟ್ ಎಂಬ ಗಣಿತಜ್ಞರು ಅಲ್ಲಿನ ಗಣಿತ ತರಗತಿಯಲ್ಲಿ ಕೆಲಸ ಮಾಡುತ್ತಿದ್ದರು. ಆ ತರಗತಿಗೆ ಹೋಗುವ ದಾರಿಯಲ್ಲಿ ಚಿತ್ರಕಲೆಯ ಕೊಠಡಿ. ಅಲ್ಲಿ ಮಕ್ಕಳು ಸಾಬೂನಿನ ಗಟ್ಟಿಗಳನ್ನು ಕೆತ್ತಿ ತಮಗೆ ತೋಚಿದ ಆಕಾರಗಳನ್ನು ಮಾಡುತ್ತಿದ್ದರು. ಒಂದೊಂದು ಶಿಲ್ಪಕ್ಕೆ ಹಲವು ವಾರ ಹಿಡಿಯುತ್ತಿತ್ತು. ಕೆತ್ತುವುದು, ಬಿಟ್ಟು ಯೋಚಿಸುವುದು, ಪಕ್ಕದವನ ಕೆಲಸ ನೋಡುವುದು, ಮತ್ತೆ ಕೆತ್ತುವುದು. ಪಕ್ಕದ ಗಣಿತದ ಕೊಠಡಿಯಲ್ಲಿ ಇದಾವುದಕ್ಕೂ ಆಸ್ಪದವಿರಲಿಲ್ಲ. ಲೆಕ್ಕ ಕೊಡುವುದು, ಕೆಲವೇ ನಿಮಿಷಗಳಲ್ಲಿ ಬಿಡಿಸುವುದು, ಸರಿಯೋ ತಪ್ಪೋ ಎಂದು ಗುರುತು ಹಾಕಿ ಮುಂದಿನ ಲೆಕ್ಕಕ್ಕೆ ಹೋಗುವುದು.

ಗಣಿತವನ್ನೂ ಸಾಬೂನಿನ ಶಿಲ್ಪದಂತೆ ಕಲಿಯಲು ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆ ಪ್ಯಾಪರ್ಟ್ ಅವರನ್ನು ಕಾಡಿತು. ಮುಂದಿನ ಐವತ್ತು ವರ್ಷಗಳಲ್ಲಿ ಜಗತ್ತಿನ ಅನೇಕ ದೇಶಗಳ ಶಾಲೆಗಳಿಗೆ ಬಂದ ಕಂಪ್ಯೂಟರು, ಮೋಟಾರು, ಜೋಡಿಸುವ ಇಟ್ಟಿಗೆಗಳ ಹಿಂದೆ ಈ ಪ್ರಶ್ನೆಯ ನೆರಳಿದೆ. ಈ ಸಾಮಗ್ರಿಗಳಲ್ಲಿ ಕೆಲವು ಶಾಲೆಗಳಿಗೆ ದಾನವಾಗಿ ಬಂದವು. ಹೀಗಾಗಿ ಇದು ದಾನಿಗಳ ಚರಿತ್ರೆಯೂ ಹೌದು.

ಗಿಯರು ಹಿಡಿದ ಮಗು

ಪ್ಯಾಪರ್ಟ್ ಹುಟ್ಟಿದ್ದು 1928ರಲ್ಲಿ, ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ. ಬಾಲ್ಯದಲ್ಲಿ ಮೋಟಾರು ಗಾಡಿಯ ಗಿಯರುಗಳೆಂದರೆ ಅವರಿಗೆ ಪ್ರಾಣ. ಒಂದರ ಹಲ್ಲು ಇನ್ನೊಂದಕ್ಕೆ ಕಚ್ಚಿ ತಿರುಗುವುದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುತ್ತಿದ್ದರು. ಗುಣಾಕಾರದ ಮಗ್ಗಿಯನ್ನೂ, ಮುಂದೆ ಸಮೀಕರಣಗಳನ್ನೂ ಅವರು ಗಿಯರುಗಳ ಮೂಲಕವೇ ಅರ್ಥ ಮಾಡಿಕೊಂಡರಂತೆ. ವರ್ಣಭೇದ ನೀತಿಯ ವಿರುದ್ಧ ಯುವಕನಾಗಿದ್ದಾಗಲೇ ದನಿ ಎತ್ತಿದವರು ಅವರು. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಜಿನೀವಾಕ್ಕೆ ತೆರಳಿ, ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅಭ್ಯಸಿಸಿದ ಜೀನ್ ಪಿಯಾಜೆ ಅವರೊಂದಿಗೆ ಕೆಲವು ವರ್ಷ ಕೆಲಸ ಮಾಡಿದರು. ಮಗು ಖಾಲಿ ಪಾತ್ರೆಯಲ್ಲ, ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಪಿಯಾಜೆ ಅವರ ಸಿದ್ಧಾಂತ. ಪ್ಯಾಪರ್ಟ್ ಅದಕ್ಕೆ ಒಂದು ಮಾತು ಸೇರಿಸಿದರು: ಕೈಯಲ್ಲಿ ಏನನ್ನಾದರೂ ಕಟ್ಟುತ್ತಿರುವಾಗ, ಅದನ್ನು ನಾಲ್ಕು ಜನರಿಗೆ ತೋರಿಸುವಂತಿರುವಾಗ, ತಲೆಯಲ್ಲಿ ತಿಳಿವು ಹೆಚ್ಚು ಚೆನ್ನಾಗಿ ಕಟ್ಟಿಕೊಳ್ಳುತ್ತದೆ.

ಈ ಯೋಚನೆ ತೀರ ಹೊಸದೇನೂ ಅಲ್ಲ. 1837ರಲ್ಲಿ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, ಉಣ್ಣೆಯ ಚೆಂಡು, ಮರದ ಘನ, ಉರುಳೆಗಳನ್ನು ಅವರ ಕೈಗೆ ಕೊಟ್ಟಿದ್ದರು. ಇಂದು ಮನೆಮಾತಾಗಿರುವ ‘ಕಿಂಡರ್‌ಗಾರ್ಟನ್’ ಅವರು ಇಟ್ಟ ಹೆಸರು. ಆ ಸಾಮಗ್ರಿಗಳನ್ನು ಅವರು ‘ಉಡುಗೊರೆ’ಗಳೆಂದೇ ಕರೆದರು. ಆದರೆ ಶಿಶುವಿಹಾರ ದಾಟಿದ ಮಗುವಿನ ಕೈಯಿಂದ ಚೆಂಡು, ಘನಗಳು ಜಾರಿ ಸ್ಲೇಟು, ಪುಸ್ತಕಗಳಷ್ಟೇ ಉಳಿಯುತ್ತಿದ್ದವು. ದೊಡ್ಡ ಮಕ್ಕಳಿಗೂ ಅಂಥ ಉಡುಗೊರೆಯೊಂದು ಬೇಕಿತ್ತು.

ನೆಲದ ಮೇಲೆ ಆಮೆ

1963ರ ನಂತರ ಪ್ಯಾಪರ್ಟ್ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ, ಅಂದರೆ ಎಂಐಟಿಗೆ ಬಂದರು. ಆಗ ಕಂಪ್ಯೂಟರೆಂದರೆ ಬೀರುವಿನಷ್ಟು ದೊಡ್ಡ ಯಂತ್ರ. ಸೈನ್ಯ, ಬ್ಯಾಂಕು, ವಿಶ್ವವಿದ್ಯಾಲಯಗಳಿಗೆ ಮಾತ್ರ ಕೈಗೆಟುಕುವಂಥದ್ದು. ಅದನ್ನು ಮಕ್ಕಳ ಕೈಗೆ ಕೊಡಬೇಕೆಂದರೆ ನಗುವವರೇ ಹೆಚ್ಚು. ಆದರೂ 1967ರಲ್ಲಿ ವಾಲೆಸ್ ಫೋರ್ಜಿಗ್, ಸಿಂಥಿಯಾ ಸಾಲೊಮನ್, ಡೇನಿಯಲ್ ಬಾಬ್ರೊ ಅವರೊಡನೆ ಸೇರಿ ಪ್ಯಾಪರ್ಟ್ ‘ಲೋಗೊ’ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದರು. ಅದು ಮಕ್ಕಳಿಗಾಗಿಯೇ ಹುಟ್ಟಿದ ಭಾಷೆ.

ಸ್ವಲ್ಪ ಸಮಯದಲ್ಲೇ ಲೋಗೊಗೆ ಒಂದು ಆಮೆ ಜೊತೆಯಾಯಿತು. ಗುಮ್ಮಟದಂಥ ಮುಚ್ಚಳ, ಕೆಳಗೆ ಚಕ್ರ, ನಡುವೆ ಒಂದು ಪೆನ್ನು. ಇಂಗ್ಲೆಂಡಿನ ಗ್ರೇ ವಾಲ್ಟರ್ ಎಂಬ ವಿಜ್ಞಾನಿ 1940ರ ದಶಕದ ಕೊನೆಯಲ್ಲಿ ಮಾಡಿದ್ದ ಯಾಂತ್ರಿಕ ಆಮೆಗಳ ನೆನಪಿಗೆ ಇದಕ್ಕೂ ಅದೇ ಹೆಸರು ಬಂತು. ‘ಮುಂದೆ 100, ಬಲಕ್ಕೆ 90’ ಎಂದು ನಾಲ್ಕು ಸಲ ಹೇಳಿದರೆ ಆಮೆ ಕಾಗದದ ಮೇಲೆ ಚೌಕ ಬರೆಯುತ್ತದೆ. ಮುಂದೆ ಕಂಪ್ಯೂಟರುಗಳು ಚಿಕ್ಕವಾದಾಗ ಆಮೆ ನೆಲದಿಂದ ಪರದೆಗೆ ಹತ್ತಿ ಒಂದು ತ್ರಿಕೋನವಾಯಿತು.

ಆಮೆಯ ಹೆಚ್ಚುಗಾರಿಕೆ ಅದು ತಪ್ಪನ್ನು ನೋಡುವ ಬಗೆಯಲ್ಲಿದೆ. ವೃತ್ತ ಬರೆಯಬೇಕೆಂದು ಒಂದು ಮಗು ಬಯಸಿತೆನ್ನಿ. ಹೇಗೆಂದು ತಿಳಿಯದಿದ್ದರೆ ತಾನೇ ಎದ್ದು ಆಮೆಯಾಗಿ ನಡೆದು ನೋಡಬಹುದು. ಒಂದು ಹೆಜ್ಜೆ ಮುಂದೆ, ಒಂದಿಷ್ಟು ತಿರುವು. ಮತ್ತೆ ಒಂದು ಹೆಜ್ಜೆ, ಮತ್ತೆ ತಿರುವು. ಹಾಗಾದರೆ ‘ಮುಂದೆ 1, ಬಲಕ್ಕೆ 1’ ಎಂದು 360 ಸಲ ಹೇಳಿದರಾಯಿತು. ತಿರುವು ತಪ್ಪಿದರೆ ಚಿತ್ರ ಸೊಟ್ಟಗಾಗುತ್ತದೆ, ಅಷ್ಟೆ. ಕೆಂಪು ಗೀಟು ಬೀಳುವುದಿಲ್ಲ, ಬೆತ್ತ ಬೀಸುವುದಿಲ್ಲ. ಎಲ್ಲಿ ತಪ್ಪಿತೆಂದು ಹುಡುಕಿ ತಿದ್ದಿದರೆ ಸರಿಹೋಗುತ್ತದೆ. ಇಲ್ಲಿ ಮಗುವೇ ಮೇಷ್ಟ್ರು, ಕಂಪ್ಯೂಟರೇ ಶಿಷ್ಯ. ಶಾಲೆಗಳಲ್ಲಿ ಕಂಪ್ಯೂಟರು ಮಗುವಿಗೆ ಪ್ರಶ್ನೆ ಕೇಳಿ ಅಂಕ ಹಾಕುವ ಪದ್ಧತಿ ಆಗಲೇ ಶುರುವಾಗಿತ್ತು. ಪ್ಯಾಪರ್ಟ್ ಅದನ್ನು ತಲೆಕೆಳಗು ಮಾಡಿದರು. 1980ರಲ್ಲಿ ಹೊರಬಂದ ಅವರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕ ಈ ವಿಚಾರವನ್ನು ಜಗತ್ತಿಗೆ ಮುಟ್ಟಿಸಿತು.

ಮನೆಯ ತುಂಬ ಭಿನ್ನರಾಶಿ

ವಿಚಾರಕ್ಕೆ ಹಣ ಖರ್ಚಾಗುವುದಿಲ್ಲ, ಯಂತ್ರಕ್ಕೆ ಆಗುತ್ತದೆ. ಬಡ ಬಡಾವಣೆಯ ಶಾಲೆಗಳಿಗೆ ಅದನ್ನು ಕೊಡುವವರಾರು? ಇಲ್ಲಿಂದ ದಾನಿಗಳ ಪ್ರವೇಶವಾಗುತ್ತದೆ. 1985ರಲ್ಲಿ ಬಾಸ್ಟನ್ ನಗರದ ಹೆನಿಗನ್ ಎಂಬ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಎಂಐಟಿಯವರು ಒಂದು ಪ್ರಯೋಗ ಆರಂಭಿಸಿದರು. ಕಂಪ್ಯೂಟರುಗಳನ್ನು ಒದಗಿಸಿದ್ದು ಐಬಿಎಂ ಕಂಪನಿ. ಅವನ್ನು ಬೀಗ ಹಾಕಿದ ಕೊಠಡಿಯಲ್ಲಿಡದೆ ತರಗತಿಗಳ ನಡುವಿನ ಬಯಲು ಜಾಗದಲ್ಲಿ ವೃತ್ತಾಕಾರವಾಗಿ ಇಡಲಾಯಿತು. ಮಕ್ಕಳು ದಿನವೂ ಅಲ್ಲಿ ಕುಳಿತು ಕೆಲಸ ಮಾಡಬಹುದಿತ್ತು.

ಅಲ್ಲಿ ಇದಿತ್ ಹರೆಲ್ ಎಂಬ ಸಂಶೋಧಕಿ ನಡೆಸಿದ ಕೆಲಸ ಗಮನಾರ್ಹ. ನಾಲ್ಕನೆಯ ತರಗತಿಯ 17 ಮಕ್ಕಳಿಗೆ ಅವರು ಹೇಳಿದ್ದಿಷ್ಟು: ನಿಮಗಿಂತ ಚಿಕ್ಕವರಿಗೆ ಭಿನ್ನರಾಶಿ ಕಲಿಸುವ ಒಂದು ಪ್ರೋಗ್ರಾಂ ಬರೆಯಿರಿ. ನಾಲ್ಕು ತಿಂಗಳ ಕಾಲ ಮಕ್ಕಳು ಯೋಜನೆ ಹಾಕಿದರು, ಚಿತ್ರ ಬರೆದರು, ಹರಿದರು, ಮತ್ತೆ ಬರೆದರು. ಒಬ್ಬ ಹುಡುಗಿಗೆ ಮೊದಮೊದಲು ಭಿನ್ನರಾಶಿ ಎಂದರೆ ಪುಸ್ತಕದಲ್ಲಿ ಬರುವ, ಅರ್ಧ ಬಣ್ಣ ಬಳಿದ ವೃತ್ತ ಮಾತ್ರ. ಕೆಲವು ವಾರಗಳ ನಂತರ ಅವಳು ಒಂದು ಮನೆಯ ಚಿತ್ರ ಬರೆದಳು. ಅದರಲ್ಲಿ ಬಾಗಿಲಿನ ಅರ್ಧ, ಛಾವಣಿಯ ಅರ್ಧ, ಸೂರ್ಯನ ಅರ್ಧ. ಯಾವ ವಸ್ತುವಿನಲ್ಲಾದರೂ ಭಿನ್ನರಾಶಿಯನ್ನು ಕಾಣಬಹುದು ಎಂಬುದು ಅವಳೇ ಕಂಡುಕೊಂಡ ಸತ್ಯ. ಕೊನೆಯಲ್ಲಿ ಪರೀಕ್ಷೆ ನಡೆಸಿದಾಗ, ಮಾಮೂಲಿನಂತೆ ಕಲಿತ ಮಕ್ಕಳಿಗಿಂತ ಈ ಮಕ್ಕಳು ಭಿನ್ನರಾಶಿಯಲ್ಲೂ ಪ್ರೋಗ್ರಾಂ ಬರೆಯುವುದರಲ್ಲೂ ಮುಂದಿದ್ದರು.

ಅದೇ ಹೊತ್ತಿಗೆ ಡೆನ್ಮಾರ್ಕಿನ ಲೆಗೊ ಆಟಿಕೆ ಕಂಪನಿ ಎಂಐಟಿಯೊಡನೆ ಕೈಜೋಡಿಸಿತು. ಲೆಗೊ ಇಟ್ಟಿಗೆಗಳಿಗೆ ಮೋಟಾರು, ಬೆಳಕು ಗ್ರಹಿಸುವ ಸಾಧನಗಳನ್ನು ಸೇರಿಸಿ ಲೋಗೊ ಭಾಷೆಯಿಂದ ನಡೆಸುವ ಏರ್ಪಾಡಾಯಿತು. 1989ರಲ್ಲಿ ಕಂಪನಿ ಎಂಐಟಿಯಲ್ಲಿ ಪ್ಯಾಪರ್ಟ್ ಅವರಿಗಾಗಿ ಒಂದು ಪ್ರಾಧ್ಯಾಪಕ ಪೀಠವನ್ನೇ ಸ್ಥಾಪಿಸಿತು. 1998ರಲ್ಲಿ ಅದು ಮಾರುಕಟ್ಟೆಗೆ ತಂದ ಯಂತ್ರಮಾನವ ಕಿಟ್‌ಗೆ ಅವರ ಪುಸ್ತಕದ ಹೆಸರೇ ಬಂತು. ದಾನಿಗೂ ಲಾಭವಾಗದೆ ಇರಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು.

ಮ್ಯೂಸಿಯಂನಿಂದ ಹೊರಗೆ

ಬಾಸ್ಟನ್ನಿನ ಕಂಪ್ಯೂಟರ್ ಮ್ಯೂಸಿಯಂನಲ್ಲಿ 1989ರಲ್ಲಿ, ಶಾಲೆಗೆ ರಜೆ ಇದ್ದ ಒಂದು ವಾರ, ಲೆಗೊ ಮತ್ತು ಲೋಗೊ ಕಾರ್ಯಾಗಾರ ನಡೆಯಿತು. ಸುತ್ತಮುತ್ತಲಿನ ನಾಲ್ವರು ಹುಡುಗರು ಬಂದು ದಿನವಿಡೀ ಯಂತ್ರಗಳನ್ನು ಕಟ್ಟಿದರು. ವಾರ ಮುಗಿಯಿತು, ಕಾರ್ಯಾಗಾರ ಮುಚ್ಚಿತು, ಆದರೆ ಹುಡುಗರು ಮತ್ತೆ ಬಂದರು. ಅವರಿಗೆ ಕೊಡಲು ಅಲ್ಲಿ ಏನೂ ಇರಲಿಲ್ಲ. ಸುಮ್ಮನೆ ಓಡಾಡುತ್ತಿದ್ದ ಅವರನ್ನು ಕಾವಲುಗಾರರು ಹೊರಗೆ ಕಳಿಸಿದರು.

ಮ್ಯೂಸಿಯಂನಲ್ಲಿದ್ದ ನಟಾಲಿ ರಸ್ಕ್ ಮತ್ತು ಎಂಐಟಿಯ ಮಿಚೆಲ್ ರೆಸ್ನಿಕ್ ಇದನ್ನು ಮನಸ್ಸಿಗೆ ಹಚ್ಚಿಕೊಂಡರು. ಊರೆಲ್ಲ ಹುಡುಕಿದರೂ ಇಂಥ ಮಕ್ಕಳು ಶಾಲೆ ಬಿಟ್ಟ ಮೇಲೆ ಹೋಗಿ ಏನಾದರೂ ಸೃಷ್ಟಿಸುವ ಜಾಗ ಸಿಗಲಿಲ್ಲ. ಕಂಪ್ಯೂಟರ್ ಇದ್ದ ಕಡೆಗಳಲ್ಲಿ ಆಟ ಆಡಿಸುತ್ತಿದ್ದರು ಅಥವಾ ಟೈಪಿಂಗ್ ಕಲಿಸುತ್ತಿದ್ದರು. 1993ರಲ್ಲಿ ಅವರು ಮ್ಯೂಸಿಯಂನಲ್ಲೇ ‘ಕಂಪ್ಯೂಟರ್ ಕ್ಲಬ್‌ಹೌಸ್’ ತೆರೆದರು. ಶುಲ್ಕವಿಲ್ಲ, ಪಠ್ಯಕ್ರಮವಿಲ್ಲ, ಪರೀಕ್ಷೆಯಿಲ್ಲ. ಹತ್ತರಿಂದ ಹದಿನೆಂಟು ವಯಸ್ಸಿನವರು ಬಂದು ತಮಗೆ ಇಷ್ಟವಾದದ್ದನ್ನು ಮಾಡಬಹುದು: ಸಂಗೀತ, ಚಲಿಸುವ ಚಿತ್ರ, ಯಂತ್ರಮಾನವ. ದೊಡ್ಡವರು ಸ್ವಯಂಸೇವಕರಾಗಿ ಬಂದು ಜೊತೆಯಲ್ಲಿ ಕುಳಿತು ತಾವೂ ಏನಾದರೂ ಕಟ್ಟುತ್ತಾರೆ. ಕೊಠಡಿಯ ನಡುವೆ ಒಂದು ದೊಡ್ಡ ಹಸಿರು ಮೇಜು. ಅದರ ಮೇಲೆ ಕಂಪ್ಯೂಟರ್ ಇಡುವಂತಿಲ್ಲ, ಅದು ಕುಳಿತು ಮಾತಾಡಲು.

2000ದಲ್ಲಿ ಇಂಟೆಲ್ ಕಂಪನಿ ಹಣ ಕೊಡಲು ಮುಂದೆ ಬಂದಾಗ ಈ ಒಂದು ಕೊಠಡಿ ಹಲವು ದೇಶಗಳಲ್ಲಿ ಸುಮಾರು ನೂರು ಕೊಠಡಿಗಳಾಗಿ ಬೆಳೆಯಿತು. ಅಲ್ಲಿನ ಮಕ್ಕಳಿಗಾಗಿ ರೆಸ್ನಿಕ್ ತಂಡ ರೂಪಿಸಿದ ‘ಸ್ಕ್ರ್ಯಾಚ್’ 2007ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಡುಗಡೆಯಾಯಿತು. ಲೆಗೊ ಇಟ್ಟಿಗೆಯಂತೆ ಆದೇಶಗಳನ್ನು ಒಂದಕ್ಕೊಂದು ಜೋಡಿಸಿ ಕಥೆ, ಆಟಗಳನ್ನು ಮಾಡುವ ಭಾಷೆ ಅದು. ಲಾಸ್ ಏಂಜಲೀಸ್‌ನ ಬಡ ಬಡಾವಣೆಯ ಕ್ಲಬ್‌ಹೌಸೊಂದರಲ್ಲಿ ಹದಿನೆಂಟು ತಿಂಗಳಲ್ಲಿ ಮಕ್ಕಳು ಮಾಡಿದ 536 ಕೃತಿಗಳನ್ನು ಸಂಶೋಧಕರು ಪರಿಶೀಲಿಸಿದರು. ಪಾಠ ಹೇಳುವವರಿಲ್ಲದಿದ್ದರೂ ಕಂಪ್ಯೂಟರ್ ವಿಜ್ಞಾನದ ಮೂಲ ಕಲ್ಪನೆಗಳನ್ನು ಮಕ್ಕಳು ಬಳಸಿದ್ದು ಕಂಡುಬಂತು.

ಯಂತ್ರ ಬಂತು, ಕಲಿಕೆ ಬಂತೇ?

ಕಥೆಗೆ ಇನ್ನೊಂದು ಮಗ್ಗುಲಿದೆ. 1980ರ ದಶಕದಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಶಿಕ್ಷಣ ಕಾಲೇಜಿನ ಸಂಶೋಧಕರು, ಲೋಗೊ ಕಲಿತ ಮಕ್ಕಳು ಬೇರೆ ಕೆಲಸಗಳಲ್ಲಿ ಹೆಚ್ಚು ಯೋಜನಾಬದ್ಧವಾಗಿ ಯೋಚಿಸುತ್ತಾರೆಯೇ ಎಂದು ಪರೀಕ್ಷಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಶಾಲೆಗಳು ಕಂಪ್ಯೂಟರುಗಳನ್ನು ಪ್ರತ್ಯೇಕ ಕೊಠಡಿಗೆ ತಳ್ಳಿ, ವಾರಕ್ಕೊಂದು ಪೀರಿಯಡ್ ಮಾಡಿ, ಅದನ್ನೂ ಇನ್ನೊಂದು ಪಠ್ಯವಿಷಯವನ್ನಾಗಿಸಿದವು ಎಂದು ಪ್ಯಾಪರ್ಟ್ ನೊಂದು ಬರೆದರು.

ಅವರೇ ಬೆನ್ನಿಗೆ ನಿಂತ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯನ್ನು ನಿಕೊಲಸ್ ನೆಗ್ರೊಪಾಂಟೆ 2005ರಲ್ಲಿ ಪ್ರಕಟಿಸಿದರು. ನೂರು ಡಾಲರಿಗೊಂದು ಯಂತ್ರ ಎಂಬುದು ಗುರಿ. 2006ರಲ್ಲಿ ಭಾರತ ಸರ್ಕಾರ ಒಲ್ಲೆನೆಂದಿತು. ಪೆರು ದೇಶ ಲಕ್ಷಗಟ್ಟಲೆ ಕೊಂಡಿತು. ಅಲ್ಲಿನ 319 ಗ್ರಾಮೀಣ ಶಾಲೆಗಳ ಅಧ್ಯಯನ 2012ರಲ್ಲಿ ಹೊರಬಂದಾಗ, ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ. ಹೆನಿಗನ್ ಶಾಲೆಯಲ್ಲಿ ಮಕ್ಕಳ ಪಕ್ಕದಲ್ಲಿ ಕುಳಿತು ಕೇಳುವವರಿದ್ದರು. ಪೆರುವಿನಲ್ಲಿ ಯಂತ್ರ ಮಕ್ಕಳನ್ನು ತಲುಪಿತು, ಶಿಕ್ಷಕರಿಗೆ ಸಿಗಬೇಕಾದ ತರಬೇತಿ ಮತ್ತು ಬೆಂಬಲ ಸಾಕಷ್ಟು ತಲುಪಲಿಲ್ಲ.

ಬೆಂಕಿಕಡ್ಡಿಯ ದಾರಿ

ಕೈಯಿಂದ ಕಲಿಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ ಎಂಬುದಕ್ಕೆ ಭಾರತದಲ್ಲೇ ಉದಾಹರಣೆಯಿದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ‘ಕಿಶೋರ್ ಭಾರತಿ’ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸ್ವಯಂಸೇವಾ ಸಂಸ್ಥೆಗಳು ಪ್ರಯೋಗದ ಮೂಲಕ ವಿಜ್ಞಾನ ಕಲಿಸತೊಡಗಿದವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ದೆಹಲಿ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಹಳ್ಳಿ ಶಾಲೆಗಳಿಗೆ ಬಂದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು. ಅಲ್ಲಿಗೆ ಬಂದ ಅರವಿಂದ ಗುಪ್ತಾ ಎಂಬ ಎಂಜಿನಿಯರ್ ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ತ್ರಿಕೋನ, ಘನಗಳನ್ನು ಮಾಡಿ ತೋರಿಸಿದರು. ಕಸದಿಂದ ಆಟಿಕೆ ಮಾಡುವ ಅವರ ದೀರ್ಘ ಕಾಯಕ ಹೊರಟಿದ್ದು ಅಲ್ಲಿಂದಲೇ. ಮೂವತ್ತು ವರ್ಷ ನಡೆದ ಹೋಶಂಗಾಬಾದ್ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು.

ಕರ್ನಾಟಕಕ್ಕೂ ಈ ಗಾಳಿ ಬೀಸಿದೆ. ಗಡಿಯಾಚೆಯ ಕುಪ್ಪಂನಲ್ಲಿ ನೆಲೆಯುಳ್ಳ ಅಗಸ್ತ್ಯ ಪ್ರತಿಷ್ಠಾನ 1999ರಲ್ಲಿ ಆರಂಭವಾಗಿ, ದಾನಿಗಳ ನೆರವಿನಿಂದ ಪ್ರಯೋಗ ಸಾಮಗ್ರಿ ತುಂಬಿದ ವ್ಯಾನುಗಳನ್ನು ಸರ್ಕಾರಿ ಶಾಲೆಗಳ ಅಂಗಳಕ್ಕೆ ತಂದಿತು. 2016ರಲ್ಲಿ ಆರಂಭವಾದ ಕೇಂದ್ರದ ಅಟಲ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಕ್ಕು ಯಂತ್ರಮಾನವ ಕಿಟ್, ಮೂರು ಆಯಾಮದ ಮುದ್ರಣ ಯಂತ್ರಗಳು ಬಂದವು.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬುದು ನಮ್ಮಲ್ಲಿನ ಗಾದೆ. ದಾನ ಪಡೆದವನು ಅಳೆಯಬಾರದು ಎಂಬುದು ಅದರ ತಾತ್ಪರ್ಯ. ಶಾಲೆಯ ಮಟ್ಟಿಗೆ ಮಾತ್ರ ಈ ಗಾದೆಯನ್ನು ಬದಿಗಿಟ್ಟು ಮೊಳ ಹಾಕುವುದೇ ಲೇಸು. ಕೊಠಡಿಯ ಬೀಗದ ಕೈ ಯಾರ ಬಳಿ ಇದೆ? ಕಿಟ್ ಕೆಟ್ಟರೆ ಯಾವ ಮಗುವಿಗೆ ಬೈಗುಳ? ದಾನಿ ಹೋದ ಮೇಲೆ ರಿಪೇರಿ ಯಾರದು? ಶಿಕ್ಷಕರಿಗೂ ಕೈಯಾಡಿಸಲು ಪುರುಸೊತ್ತು ಇದೆಯೇ? ಪ್ಯಾಪರ್ಟ್ 2016ರಲ್ಲಿ ತೀರಿಕೊಂಡರು. ಅವರು ತೋರಿಸಿದ ಆಮೆ ಈಗಲೂ ಯಾವುದೇ ಸಾಧಾರಣ ಕಂಪ್ಯೂಟರಿನ ಮೇಲೆ, ಖರ್ಚಿಲ್ಲದೆ ನಡೆಯುತ್ತದೆ. ಅದಕ್ಕೆ ದಾರಿ ಹೇಳಲು ಒಂದು ಮಗುವೂ, ಆ ಮಗು ದಾರಿ ತಪ್ಪಿದಾಗ ಅವಸರ ಮಾಡದೆ ಕಾಯುವ ಒಬ್ಬ ಮೇಷ್ಟ್ರೂ ಬೇಕು.